ಪಂಪು ಬಿಚ್ಚುವ ಮುಂಚೆ ಟ್ಯಾಂಕು ನೋಡಿ

ಶೇಂಗಾ ಬಿತ್ತನೆ ಕಾಲ. ಬೀಜ ತರಲು ನಮ್ಮ ಹಳೇ ಡೀಸೆಲ್ ಕಾರಿನಲ್ಲಿ ಚಳ್ಳಕೆರೆಯಿಂದ ಹಿರಿಯೂರಿಗೆ ಹೊರಟಿದ್ದೆ. ಮನೆಯವರೂ ಜೊತೆಗಿದ್ದರು. ಮುಂದಿದ್ದ ಲಾರಿ ದಾಟಲು ಬಲಕ್ಕೆ ತಗೊಂಡೆ. ಎದುರು ಬಸ್ಸು ಇನ್ನೂ ದೂರವಿತ್ತು. ಲಾರಿಯ ಅರ್ಧಕ್ಕೆ ಬರುವಷ್ಟರಲ್ಲಿ ಕಾರು ಒಮ್ಮೆಲೇ ಸೋತಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಳೆಯಲೊಲ್ಲದು. ಬ್ರೇಕ್ ಹಾಕಿ ಲಾರಿಯ ಹಿಂದಕ್ಕೇ ಸರಿದು ಬಚಾವಾದೆವು. ರಸ್ತೆಬದಿ ನಿಲ್ಲಿಸಿ ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ, ಏನೂ ಆಗೇ ಇಲ್ಲ ಅನ್ನುವಂತೆ ಓಡಿತು!

ಆಮೇಲೆ ವಾರಕ್ಕೆ ಎರಡು ಸಲ ಹೀಗೇ ಆಗತೊಡಗಿತು. ಗ್ಯಾರೇಜಿಗೆ ಒಯ್ದರೆ ಮಾತ್ರ ಸರಿ ಇರುತ್ತಿತ್ತು. ಒಂದು ಕಡೆ "ಪಂಪು ಬಿಚ್ಚಬೇಕು, 18,000 ರೂಪಾಯಿ ಆಗ್ತದೆ" ಅಂದುಬಿಟ್ಟರು. ಮಳೆ ನಂಬಿ ಬಿತ್ತುವ ನಮಗೆ ಅದು ಸಣ್ಣ ದುಡ್ಡಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದಂತೆ ಆಗಬಾರದಲ್ಲ? ಮೊದಲು ರೋಗ ಯಾವುದೆಂದು ತಿಳಿಯೋಣ ಅಂತ ಒಂದು ನೋಟ್‌ಬುಕ್ ಇಟ್ಟೆ. ಎಷ್ಟು ಕಿಲೋಮೀಟರಿಗೆ ಸೋತಿತು, ಏರೋ ಸಪಾಟೋ, ಹೊಗೆ ಯಾವ ಬಣ್ಣ, ಎಷ್ಟು ಹೊತ್ತಿಗೆ ಸರಿಹೋಯಿತು, ಎಲ್ಲ ಬರೆದೆ.

ಹೊಗೆ ಹೇಳುವ ಮಾತು

ಡೀಸೆಲ್ ಇಂಜಿನ್ನಿಗೆ ಬೇಕಾದದ್ದು ಎರಡೇ: ಗಾಳಿ ಮತ್ತು ಡೀಸೆಲ್. ಸೋಲುವಾಗ ಕಪ್ಪು ಹೊಗೆ ಬಂದರೆ ಮೊದಲು ಗಾಳಿ ಕಡಿಮೆಯಾಗಿದೆಯೇ ನೋಡಬೇಕು. ಏರ್ ಫಿಲ್ಟರ್ ಧೂಳು ಕಟ್ಟಿರಬಹುದು. ಟರ್ಬೊ ಇದ್ದರೆ ಅದರ ಹೋಸ್ ಸೀಳಿರಬಹುದು. ಹೊಗೆಯೇ ಇಲ್ಲದೆ ಸೋತರೆ ಡೀಸೆಲ್ ಸಾಲುತ್ತಿಲ್ಲ ಅನ್ನಬೇಕು. ನಮ್ಮದರಲ್ಲಿ ಹೊಗೆ ಇರಲಿಲ್ಲ. ಹನ್ನೆರಡು, ಹದಿನೈದು ಕಿ.ಮೀ. ಓಡಿದ ಮೇಲೆ ಸೋಲುತ್ತಿತ್ತು, ನಿಲ್ಲಿಸಿದರೆ ಸರಿಹೋಗುತ್ತಿತ್ತು.

ಅಗ್ಗದ ಪರೀಕ್ಷೆ ಮೊದಲು

ಒಂದು ಸಲಕ್ಕೆ ಒಂದೇ ಪರೀಕ್ಷೆ ಮಾಡಿದೆ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಮೊದಲು ಟ್ಯಾಂಕಿನ ಮುಚ್ಚಳ. ಅದರ ಗಾಳಿಕಂಡಿ ಮುಚ್ಚಿದ್ದರೆ ಡೀಸೆಲ್ ಖಾಲಿಯಾದಂತೆ ಒಳಗೆ ನಿರ್ವಾತವಾಗಿ ಪಂಪಿಗೆ ಎಳೆಯಲು ಆಗುವುದಿಲ್ಲ. ಸೋತಾಗ ಮುಚ್ಚಳ ತೆಗೆದರೆ 'ಬುಸ್' ಅನ್ನುತ್ತದೆ. ನಮ್ಮದು ಅನ್ನಲಿಲ್ಲ.

ಎರಡನೆಯದು ಡೀಸೆಲ್ ಫಿಲ್ಟರ್. ಹೊಸದು ಹಾಕಿ ಏರ್ ತೆಗೆದೆವು. ನಾಲ್ಕು ದಿನ ಕಳೆದು ಮತ್ತೆ ಅದೇ ಕತೆ.

ಮೂರನೆಯದು ಟ್ಯಾಂಕಿನಿಂದ ಬರುವ ಹೋಸ್. ಇಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕದೇ ಇರಬಹುದು, ಒಳಗೆ ಗಾಳಿ ಎಳೆಯುತ್ತದೆ. ಒಂದು ಗೇಣು ಪಾರದರ್ಶಕ ಹೋಸ್ ಸೇರಿಸಿದರೆ ಗುಳ್ಳೆ ಕಾಣುತ್ತದೆ. ಗುಳ್ಳೆ ಇರಲಿಲ್ಲ.

ಕೊನೆಗೆ ಊರಿನ ಪಂಪ್‌ಸೆಟ್ ಮೆಕ್ಯಾನಿಕ್ ಒಂದು ಉಪಾಯ ಹೇಳಿದ. ಎರಡು ಲೀಟರ್ ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ, ಸೈಲೆನ್ಸರ್ ಪೈಪಿನಿಂದ ದೂರ ಬಾನೆಟ್ಟಿನೊಳಗೆ ಬಿಗಿಯಾಗಿ ಕಟ್ಟಿದ. ಟ್ಯಾಂಕಿನ ಹೋಸ್ ಬಿಡಿಸಿ ಎಳೆಯುವ ಹೋಸ್, ವಾಪಸ್ ಬರುವ ಹೋಸ್ ಎರಡನ್ನೂ ಕ್ಯಾನಿಗೇ ಕೊಟ್ಟ. ಇಪ್ಪತ್ತು ಕಿ.ಮೀ. ಓಡಿಸಿದೆವು. ಒಮ್ಮೆಯೂ ಸೋಲಲಿಲ್ಲ. ಮೂರು ದಿನ ಹೀಗೇ ನೋಡಿದೆವು. ಅಲ್ಲಿಗೆ ಪಂಪು ನಿರಪರಾಧಿ!

ಟ್ಯಾಂಕು ಇಳಿಸಿ ಬಗ್ಗಿಸಿದರೆ ಅಂಗೈಯಷ್ಟು ಪಾಲಿಥೀನ್ ಚೂರು ಸಿಕ್ಕಿತು. ಓಡುವಾಗ ಅದು ಎಳೆತಕ್ಕೆ ಜಾಲರಿಗೆ ಅಂಟಿಕೊಳ್ಳುತ್ತಿತ್ತು. ನಿಲ್ಲಿಸಿದರೆ ಬಿಟ್ಟುಕೊಳ್ಳುತ್ತಿತ್ತು. ಅದನ್ನು ಒಳಗೆ ಹಾಕಿದವನು ನಾನೇ. ಪಂಪ್‌ಸೆಟ್ಟಿಗೆ ತಂದ ಕ್ಯಾನಿನ ಬಾಯಿಗೆ ಪಾಲಿಥೀನ್ ಕಟ್ಟಿ, ಆತುರದಲ್ಲಿ ಸೋಸದೆ ಕಾರಿಗೆ ಸುರಿದಿದ್ದೆ. ಫಿಲ್ಟರ್, ಹೋಸ್, ಕೂಲಿ ಎಲ್ಲ ಸೇರಿ 1,100 ರೂಪಾಯಿಯಲ್ಲಿ ಮುಗಿಯಿತು.

ಹೊಸ ಕಾರು ಇದ್ದವರಿಗೆ

ಕಾಮನ್ ರೈಲ್ ಇಂಜಿನ್ನಿಗೆ ಕ್ಯಾನ್ ಪರೀಕ್ಷೆ ಬೇಡ. ಅದರ ಪೈಪಿನಲ್ಲಿ ಸಾವಿರ ಬಾರ್‌ಗೂ ಮೀರಿದ ಒತ್ತಡವಿರುತ್ತದೆ. ಚಾಲೂ ಇದ್ದಾಗ ನಟ್ಟು ಸಡಿಲಿಸಿದರೆ ಡೀಸೆಲ್ ಚರ್ಮವನ್ನೇ ತೂರೀತು. ಸ್ಕ್ಯಾನರ್ ಹಾಕಿಸಿ, ಕೋಡ್ ಏನು ಬಂತೆಂದು ಬರೆದುಕೊಳ್ಳಿ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಸಾಮಾನ್ಯವಾಗಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಬರೀ ಹೊಲಕ್ಕೂ ಮನೆಗೂ ಓಡಿಸಿದರೆ ಅದು ಕಟ್ಟಿಕೊಂಡು ಶಕ್ತಿ ಕುಂದುತ್ತದೆ. ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಅರ್ಧ ಗಂಟೆ ಓಡಿಸಬೇಕು.

ಈಗ ನಾನು ಕ್ಯಾನಿನ ಡೀಸೆಲ್ಲನ್ನು ಸಣ್ಣ ಜಾಲರಿಯ ಆಲಿಕೆಯಲ್ಲಿ ಸೋಸಿಯೇ ಹಾಕುತ್ತೇನೆ. ತಿಂಗಳಿಗೊಮ್ಮೆ ಫಿಲ್ಟರ್ ತಳದ ನೀರು ಬಿಡುತ್ತೇನೆ. ನಿಮ್ಮ ಗಾಡಿ ಹೀಗೆ ಸೋಲುತ್ತಿದ್ದರೆ, ಸರಿಯಾಗುವವರೆಗೆ ಯಾರನ್ನೂ ಓವರ್‌ಟೇಕ್ ಮಾಡಲು ಹೋಗಬೇಡಿ. ಆ ಬಸ್ಸು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.