ಹಿಮವಿಲ್ಲದ ಹೊಳೆ

ಹಿಮನದಿಗಳು ಕರಗುತ್ತಿವೆಯೆಂಬ ವಾರ್ತೆಯನ್ನು ನಿಡಗುಂದಿಯ ಸಂತೆಯಲ್ಲಿ ಯಾರಾದರೂ ಎತ್ತಿದರೆ, ಅದು ಬಡಗಣ ದೇಶದವರ ಚಿಂತೆಯೆಂದು ಕೇಳಿದವರು ಸುಮ್ಮನಾಗುವುದು ಸಹಜವೇ. ಏಕೆಂದರೆ ಸಮೀಪದ ಆಲಮಟ್ಟಿಯಲ್ಲಿ 26 ಬಾಗಿಲುಗಳ ಹಿಂದೆ ನಿಂತಿರುವ ಕೃಷ್ಣೆಯು ಸಹ್ಯಾದ್ರಿಯ ಮಹಾಬಳೇಶ್ವರದಲ್ಲಿ ಹುಟ್ಟಿ ಮುಂಗಾರನ್ನೇ ನೆಚ್ಚಿ ಹರಿದುಬರುವ ಹೊಳೆಯೇ ಹೊರತು, ಗಂಗೆ ಸಿಂಧುಗಳಂತೆ ಮಂಜುಗಡ್ಡೆಯ ಒಡಲಿನಿಂದ ಇಳಿದುದಲ್ಲ. ಆದರೂ ಹಿಮದ ಉಪಕಾರವೇನೆಂಬುದು ಹಿಮವಿಲ್ಲದ ಹೊಳೆಯ ದಂಡೆಯಲ್ಲಿಯೇ ಹೆಚ್ಚು ಸ್ಪಷ್ಟವಾಗಿ ತಿಳಿಯುವುದೆಂದು ನನಗೆ ತೋರುತ್ತದೆ.

ಚಳಿಗಾಲದ ಹಿಮವು ವರ್ಷದ ಮೇಲೆ ವರ್ಷ ಒತ್ತರಿಸಿ ಗಟ್ಟಿಯಾಗಿ, ತನ್ನ ಭಾರಕ್ಕೆ ತಾನೇ ಕೆಳಸರಿಯುತ್ತ, ನೀರು ಅತ್ಯಗತ್ಯವಾದ ಬೇಸಗೆಯಲ್ಲಿಯೇ ಕರಗಿ ಹರಿಯುವ ಸಂಚಯವೇ ಹಿಮನದಿ. ತಾಪವೇರಿದಾಗ ಮೊದಲು ಹೊಳೆಯಲ್ಲಿ ನೀರು ಹೆಚ್ಚುವುದು, ಸಂಚಯವು ಸವೆದಂತೆ ಬಳಿಕ ಇಳಿಯುವುದು. ಆ ಮೊದಲಿನ ಸಮೃದ್ಧಿಯೇ ಮೋಸದ್ದು. ಹಿಂದೂಕುಶ ಹಿಮಾಲಯದ ಹಿಮನದಿಗಳು 2011ರಿಂದ 2020ರವರೆಗೆ, ಹಿಂದಿನ ದಶಕಕ್ಕಿಂತ ಶೇಕಡ 65ರಷ್ಟು ಅಧಿಕ ವೇಗದಿಂದ ಕ್ಷಯಿಸಿದವು. ಅವು ಬಿಟ್ಟುಹೋದ ಕಲ್ಲುಮಣ್ಣಿನ ಒಡ್ಡುಗಳ ಹಿಂದೆ ಸರೋವರಗಳು ಬೆಳೆಯುತ್ತಿವೆ. ಅಂಥದೊಂದು, ಸಿಕ್ಕಿಮಿನ ದಕ್ಷಿಣ ಲೋನಾಕ, 2023ರ ಅಕ್ಟೋಬರಿನಲ್ಲಿ ಉಕ್ಕಿಹರಿದು ತೀಸ್ತಾ ನದಿಯ ಅಣೆಕಟ್ಟನ್ನೇ ಕೊಚ್ಚಿಹಾಕಿತು.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲಿಟ್ಟ ಆಲಮಟ್ಟಿಯ ಜಲಾಶಯವು, ಸುಮಾರು 123 ಟಿಎಂಸಿ ನೀರನ್ನು ಹಿಡಿದು, ಪ್ರಕೃತಿಯು ಈ ಹೊಳೆಗೆ ಕೊಡದೆ ಹೋದ ಹಿಮನದಿಯ ಸ್ಥಾನದಲ್ಲಿ ನಿಂತಿದೆಯೆನ್ನಬಹುದು. ಆದರೆ ಹಿಮನದಿಯದು ಶತಮಾನಗಳ ಗಳಿಕೆ, ಇದರದು ಒಂದೇ ಮಳೆಗಾಲದ್ದು. ಗಾಳಿಯ ತಾಪವು ಒಂದು ಡಿಗ್ರಿ ಏರಿದರೆ ಅದು ಶೇಕಡ 7ರಷ್ಟು ಹೆಚ್ಚು ಆವಿಯನ್ನು ಹೊರಬಲ್ಲುದಾದ್ದರಿಂದ, ಸುರಿದಾಗ ಮಳೆ ಒಮ್ಮೆಲೇ ಸುರಿಯುವುದು. 2019ರ ಆಗಸ್ಟಿನಲ್ಲಿ ಇಲ್ಲಿಂದ ಸೆಕೆಂಡಿಗೆ 5 ಲಕ್ಷಕ್ಕೂ ಮಿಕ್ಕ ಘನ ಅಡಿಗಳಂತೆ ನೀರನ್ನು ಬಿಡಬೇಕಾಯಿತು; 2023ರಲ್ಲಿ ನಾಡಿಗೆ ಬರವೆರಗಿತು. ಮಂಜಾಗಿ ಮಲೆಯ ಮೇಲೆ ಕುಳಿತ ನೀರಿಗೆ ತಾಳ್ಮೆಯುಂಟು, ಮಹಾಪೂರಕ್ಕಿಲ್ಲ.

ಇನ್ನು ಈ ತಾಪವನ್ನೇರಿಸುವ ಇಂಗಾಲದ ಮಾತು. ಉತ್ತರಧ್ರುವದ ಸುತ್ತಣ ಹೆಪ್ಪುಗಟ್ಟಿದ ನೆಲದಲ್ಲಿ ವಾಯುಮಂಡಲದಲ್ಲಿರುವುದಕ್ಕಿಂತ ಸುಮಾರು ಇಮ್ಮಡಿ ಇಂಗಾಲ ಹುದುಗಿದೆ; ಆ ನೆಲ ಕರಗಿದರೆ ಸೂಕ್ಷ್ಮಜೀವಿಗಳು ಅದರ ಇಂಗಾಲವನ್ನು ಇಂಗಾಲದ ಡೈಆಕ್ಸೈಡ್ ಆಗಿಯೂ ಮೀಥೇನ್ ಆಗಿಯೂ ಗಾಳಿಗೆ ಬಿಡುತ್ತವೆ. ನಮ್ಮ ಕಡೆಯಾದರೋ ವ್ಯಾಪಾರ ತಿರುವುಮುರುವಾದುದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಗಟ್ಟಿಯಾದ ದಖ್ಖನಿನ ಕರಿಗಲ್ಲನ್ನು, ಡೈಆಕ್ಸೈಡನ್ನು ಹೀರಿ ಸೌಮ್ಯ ಆಮ್ಲವಾದ ಮಳೆನೀರು ಕರಗಿಸುತ್ತ, ಆ ಇಂಗಾಲವನ್ನು ಕೃಷ್ಣೆಯ ಮೂಲಕ ಬಂಗಾಳಕೊಲ್ಲಿಗೆ ಸಾಗಿಸುತ್ತದೆ. ಅಲ್ಲಿ ಅದರಲ್ಲೊಂದು ಭಾಗವು ಚಿಪ್ಪಾಗಿ, ಸುಣ್ಣಗಲ್ಲಾಗಿ ತಳ ಸೇರುತ್ತದೆ. ಬಿಳಿಜೋಳ ಬೆಳೆಯುವ ಎರೆಭೂಮಿಯೂ ಇಂಥ ಕರಗುವಿಕೆಯ ಫಲವೇ, ಮತ್ತು ರೈತನಿಗೆ ಬೇಕಾದುದು ಇದೇ ಶೇಷವಲ್ಲದೆ ಸಮುದ್ರ ಸೇರಿದ ಇಂಗಾಲವಲ್ಲ. ತಾಪವೇರಿದರೆ ಕಲ್ಲು ತುಸು ಬೇಗ ಕರಗೀತು. ಆದರೆ ಹೀಗೆ ಗಾಳಿಯು ತಿಳಿಯಾಗಲು ಲಕ್ಷಾಂತರ ವರ್ಷಗಳು ಬೇಕು. ಅತ್ತ ನೆರೆಯ ಕೂಡಗಿಯ 2400 ಮೆಗಾವಾಟಿನ ಶಾಖೋತ್ಪನ್ನ ಸ್ಥಾವರವೋ, ಇದೇ ಜಲಾಶಯದ ನೀರನ್ನು ಪಡೆದು ಕಲ್ಲಿದ್ದಲನ್ನು ಉರಿಸುತ್ತದೆ. ಅದರ ಲೆಕ್ಕ ನಡೆಯುವುದು ಗಂಟೆಗಳಲ್ಲಿ.