ಪಹಣಿ ಕಾಯುವ ಯಂತ್ರಕ್ಕೆ ಯಾರು ಕಾವಲು?

ಊರ್ಡಿಗೆರೆ ಹೋಬಳಿಯ ನಮ್ಮ ಹೊಲದ ಪಹಣಿ ಕೈಗೆ ಬಂದಾಗಲೆಲ್ಲ ಸರ್ವೆ ನಂಬರಿಗಿಂತ ಮೊದಲು ನನ್ನ ಗಮನ ಅದರ ಹಿಂದಿರುವ ಯಂತ್ರದತ್ತ ಹರಿಯುತ್ತದೆ. ಡೇಟಾಬೇಸ್ ನಿರ್ವಹಣೆಯೇ ಹೊಟ್ಟೆಪಾಡಾದವನ ದೌರ್ಬಲ್ಯವಿದು. ಆ ಸರ್ವರಿಗೆ ಯಾವ ಕಾರ್ಯಾಚರಣ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ, ಇರಬೇಕೆಂಬುದು ತಂತ್ರಜ್ಞರ ಹರಟೆಯಂತೆ ಕಾಣಬಹುದು. ಅದರ ಬಿಸಿ ತಟ್ಟುವುದು ಮಾತ್ರ ಸಾಲಕ್ಕಾಗಿ ಪಹಣಿ ಹಿಡಿದು ಬ್ಯಾಂಕಿಗೆ ಹೋಗಬೇಕಾದ ರೈತನಿಗೆ.

ಎರಡು ದಶಕಗಳ ಹಿಂದೆ ಕರ್ನಾಟಕದ 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿತು. ಎನ್‌ಐಸಿ ರೂಪಿಸಿದ ಆ ತಂತ್ರಾಂಶ ನೆಚ್ಚಿಕೊಂಡದ್ದು ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರನ್ನು. ಅದನ್ನು ಆಯ್ದ ಗಳಿಗೆಯಲ್ಲೇ ವಿಂಡೋಸ್ ಕೂಡ ಆಯ್ಕೆಯಾಗಿಬಿಟ್ಟಿತು. ಅಂದು ಆ ಡೇಟಾಬೇಸ್ ಬೇರೆಲ್ಲೂ ಓಡುತ್ತಿರಲಿಲ್ಲ; ಲಿನಕ್ಸ್‌ಗೆ ಅದು ಬಂದದ್ದು 2017ರಲ್ಲಿ.

ಆ ನಿರ್ಧಾರವನ್ನು ನಾನು ಹಳಿಯಲಾರೆ. ತಾಲ್ಲೂಕಿಗೊಂದು ಸರ್ವರ್ ಇದ್ದ ಕಾಲವದು. ಪರದೆಯ ಮುಂದೆ ಕುಳಿತವರು ಅಲ್ಲಿಯವರೆಗೆ ಲೇಖನಿಯನ್ನಷ್ಟೇ ಹಿಡಿದಿದ್ದ ಗ್ರಾಮ ಲೆಕ್ಕಿಗರು. ಆದರೆ ಆಗಿನ ವಿಂಡೋಸ್ 2000ಕ್ಕೆ ಕನ್ನಡವೇ ಗೊತ್ತಿರಲಿಲ್ಲ. ಯೂನಿಕೋಡ್ ಕನ್ನಡಕ್ಕೆ 2001ರ ಎಕ್ಸ್‌ಪಿವರೆಗೆ ಕಾಯಬೇಕಾಯಿತು. 2010ರ ಜುಲೈಗೆ ವಿಂಡೋಸ್ 2000ರ ಭದ್ರತಾ ಪರಿಷ್ಕರಣೆಗಳೂ ನಿಂತುಹೋದವು. ಕಂಪನಿಯ ಬೆಂಬಲಕ್ಕೆ ಹತ್ತು ವರ್ಷದ ಆಯಸ್ಸು. ಜಮೀನಿನ ದಾಖಲೆ ಮೊಮ್ಮಕ್ಕಳಿಗೂ ಬೇಕು.

ಹಾಗೆಂದು ಲಿನಕ್ಸ್ ಪುಕ್ಕಟೆ ಎಂದು ಹಿಗ್ಗುವುದೂ ತರವಲ್ಲ. ಹಿಂದೆ ನಾನಿದ್ದ ಸಣ್ಣ ಸಂಸ್ಥೆಯೊಂದರಲ್ಲಿ ಪರವಾನಗಿಯ ಹಣ ಉಳಿಸಲೆಂದು ಲಿನಕ್ಸ್ ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಹೂಡಿದೆವು. ಅದನ್ನು ಬಲ್ಲವನು ಒಬ್ಬನೇ. ಅವನು ರಜೆಯಲ್ಲಿದ್ದಾಗ ಡಿಸ್ಕ್ ತುಂಬಿ ಕೆಲಸ ನಿಂತಿತು. ಜಾಗ ಮಾಡಲು ಹೊರಟ ನಾನು 'ಪಿಜಿ ಎಕ್ಸ್‌ಲಾಗ್' ಎಂಬ ಕಡತಕೋಶವನ್ನು ಹಳೆಯ ದಿನಚರಿಯೆಂದು ಭಾವಿಸಿ ಅಳಿಸಿದೆ. ಪ್ರತಿ ಬದಲಾವಣೆಯೂ ಮೊದಲು ದಾಖಲಾಗುವುದು ಅಲ್ಲೇ. ಅಳಿಸಿದ್ದು ಡೇಟಾಬೇಸಿನ ಜೀವನಾಡಿಯನ್ನು! ಹಿಂದಿನ ರಾತ್ರಿಯ ಪ್ರತಿ ಇದ್ದುದರಿಂದ ಮಾನ ಉಳಿಯಿತು, ಒಂದು ದಿನದ ನಮೂದುಗಳು ಉಳಿಯಲಿಲ್ಲ. ಇಂಥ ಪ್ರಮಾದ ಎಸಗಿದವರು ಲೋಕದಲ್ಲಿ ಹಲವರಿದ್ದಿರಬೇಕು. 2017ರ ಆವೃತ್ತಿಯಲ್ಲಿ ಆ ಹೆಸರನ್ನೇ ಬದಲಿಸಿದರು.

ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲಿ ಪ್ರಕಟಿಸಿತು. ಸ್ವಾಗತಾರ್ಹ, ದಾಖಲೆಗಳು ಒಂದೇ ಕಂಪನಿಯ ಅಂಗಳದಲ್ಲಿ ಸೆರೆಯಾಗಬಾರದು. ಆದರೆ ಟೆಂಡರಿನಲ್ಲಿ ಉಳಿದ ಪರವಾನಗಿ ಹಣದ ಪಕ್ಕದಲ್ಲೇ ಆ ವ್ಯವಸ್ಥೆಯನ್ನು ಬಲ್ಲ ಇಬ್ಬರ ಸಂಬಳವನ್ನೂ ನಮೂದಿಸಲಿ. ಇಬ್ಬರೇ ಏಕೆಂದರೆ, ಒಬ್ಬ ರಜೆ ಹಾಕುತ್ತಾನೆ.