ನಾಡಿ ಸಿಗದ ಕೈ: ತಕಯಾಸು ಕಾಯಿಲೆ ಮತ್ತು ಬಲೂನ್ ಚಿಕಿತ್ಸೆ



ಇಷ್ಟಲಿಂಗಪೂಜೆಯಲ್ಲಿ ಎಡ ಅಂಗೈಯನ್ನು ಎತ್ತಿ ಹಿಡಿದು ದೃಷ್ಟಿಯನ್ನು ನಿಲ್ಲಿಸಿದಾಗ ತೋಳು ತುಸು ದಣಿಯುವುದು ಸಹಜ. ಆದರೆ ಇಪ್ಪತ್ತು ಮೂವತ್ತರ ಹರೆಯದ ಹೆಣ್ಣುಮಗಳೊಬ್ಬಳ ಕೈ ಪ್ರತಿದಿನವೂ ಕೆಲವೇ ಕ್ಷಣಗಳಲ್ಲಿ ತಣ್ಣಗಾಗಿ ಸೋತು ಬೀಳುತ್ತಿದ್ದರೆ ಅದನ್ನು ಏಕಾಗ್ರತೆಯ ಕೊರತೆಯೆಂದು ಭಾವಿಸಬಾರದು. ಆ ಕೈಗೆ ರಕ್ತವೇ ಸಾಲದೆ ಇರಬಹುದು.

ಹೀಗಾಗಲು ಇರುವ ಕಾರಣಗಳಲ್ಲಿ ತಕಯಾಸು ಕಾಯಿಲೆಯೂ ಒಂದು. ದೇಹದ ರಕ್ಷಣಾವ್ಯವಸ್ಥೆಯೇ ತಪ್ಪಿ ಮಹಾಧಮನಿ ಹಾಗೂ ಅದರ ಕವಲುಗಳ ಗೋಡೆಯ ಮೇಲೆ ಎರಗುತ್ತದೆ. ಗೋಡೆ ಉರಿಯೂತದಿಂದ ದಪ್ಪವಾಗಿ, ಒಳದಾರಿ ಕಿರಿದಾಗುತ್ತದೆ. ಎಡಗೈಗೆ ರಕ್ತ ಒಯ್ಯುವ ಧಮನಿ ಇದಕ್ಕೆ ಬಹಳ ಸಲ ತುತ್ತಾಗುತ್ತದೆ. ಇದು ಅಂಟುರೋಗವಲ್ಲ, ಕೊಬ್ಬು ಕಟ್ಟಿಕೊಂಡು ಬರುವ ರೋಗವೂ ಅಲ್ಲ. ನಲವತ್ತರೊಳಗಿನ ಸ್ತ್ರೀಯರಲ್ಲಿ ಹೆಚ್ಚು. 1908ರಲ್ಲಿ ಜಪಾನಿನ ನೇತ್ರವೈದ್ಯ ಮಿಕಿಟೊ ತಕಯಾಸು ಅವರು 21 ವರ್ಷದ ಯುವತಿಯೊಬ್ಬಳ ಕಣ್ಣಿನ ರಕ್ತನಾಳಗಳಲ್ಲಿ ಕಂಡ ವಿಚಿತ್ರ ಬದಲಾವಣೆಯನ್ನು ವಿವರಿಸಿದ್ದರಿಂದ ಈ ಹೆಸರು ಬಂದಿತು.

ಜಪಾನಿನಲ್ಲಿ ತೋಳು, ಕತ್ತಿನ ಧಮನಿಗಳು ಹೆಚ್ಚಾಗಿ ಕೆಟ್ಟರೆ, ನಮ್ಮ ದೇಶದಲ್ಲಿ ಹೊಟ್ಟೆಯೊಳಗಿನ ಮಹಾಧಮನಿ ಮತ್ತು ಮೂತ್ರಪಿಂಡದ ಧಮನಿಗಳಿಗೂ ರೋಗ ತಗಲುವುದು ಬಹಳ. ರಕ್ತ ಕಡಿಮೆಯಾದ ಮೂತ್ರಪಿಂಡವು ಇಡೀ ದೇಹದಲ್ಲಿಯೇ ಒತ್ತಡ ಕುಸಿದಿದೆಯೆಂದು ಭ್ರಮಿಸಿ ರಕ್ತದೊತ್ತಡವನ್ನು ಏರಿಸುತ್ತದೆ. ಮೋಸವಾಗುವುದು ಇಲ್ಲಿಯೇ. ಧಮನಿ ಕಟ್ಟಿದ ಕೈಯಲ್ಲಿ ಅಳೆದರೆ ಒತ್ತಡ ಕಡಿಮೆ ಕಾಣುತ್ತದೆ. ಹೃದಯ, ಮಿದುಳುಗಳು ಅಧಿಕ ಒತ್ತಡದಲ್ಲಿ ನಲುಗುತ್ತಿರುತ್ತವೆ. ಆದ್ದರಿಂದ ಎರಡೂ ಕೈಗಳಲ್ಲಿ, ಬೇಕಾದರೆ ಕಾಲುಗಳಲ್ಲಿಯೂ ಅಳೆಯಬೇಕು.

ಕಿರಿದಾದ ನಾಳವನ್ನು ಶಸ್ತ್ರಚಿಕಿತ್ಸೆಯಿಲ್ಲದೆ ಹಿಗ್ಗಿಸುವ ಪ್ರಯತ್ನ ಮೊದಲಾದದ್ದು 1964ರಲ್ಲಿ, ಅಮೆರಿಕದ ಚಾರ್ಲ್ಸ್ ಡಾಟರ್ ಅವರಿಂದ. ಆಂಡ್ರಿಯಾಸ್ ಗ್ರುಂಟ್‌ಜಿಗ್ ಅವರು ಬಲೂನನ್ನು ಈ ಕೆಲಸಕ್ಕೆ ಹದಗೊಳಿಸಿದರು. ತೊಡೆಯ ಸಂದಿಯಲ್ಲಿ ಆ ಭಾಗವನ್ನಷ್ಟೇ ಮರಗಟ್ಟಿಸಿ, ಧಮನಿಯೊಳಗೆ ತೆಳುತಂತಿಯನ್ನೂ ಅದರ ಮೇಲೆ ಕ್ಯಾಥೆಟರ್ ಎಂಬ ಸಪೂರ ಕೊಳವೆಯನ್ನೂ ಸಾಗಿಸುತ್ತಾರೆ. ಎಕ್ಸ್‌ರೇ ಪರದೆಯ ಮೇಲೆ ಕಿರಿದಾದ ತಾಣವನ್ನು ನೋಡಿಕೊಂಡು ಬಲೂನನ್ನು ಉಬ್ಬಿಸುತ್ತಾರೆ. ಮೂತ್ರಪಿಂಡದ ಧಮನಿ ತೆರೆದುಕೊಂಡರೆ ಎಷ್ಟೋ ರೋಗಿಗಳ ರಕ್ತದೊತ್ತಡ ಇಳಿದು, ಮಾತ್ರೆಗಳ ಸಂಖ್ಯೆಯೂ ತಗ್ಗುತ್ತದೆ.

ಆದರೆ ಈ ರೋಗದ ನಾಳ ಹೃದಯದ ಸಾಮಾನ್ಯ ಬ್ಲಾಕ್‌ನಂತಲ್ಲ. ಗೋಡೆ ಗಾಯದ ಕಲೆಯಂತೆ ಗಡುಸಾಗಿರುತ್ತದೆ. ಹೆಚ್ಚು ಒತ್ತಡದಲ್ಲಿ ಬಲೂನ್ ಉಬ್ಬಿಸಬೇಕಾಗಬಹುದು. ಸೀಳುವ ಅಪಾಯವೂ ಉಂಟು. ನಾಳ ಸೀಳಿದರೆ ಅಥವಾ ಮರಳಿ ಕುಗ್ಗಿದರೆ ಸ್ಟೆಂಟ್ ಇಡುತ್ತಾರೆ. ಉದ್ದಕ್ಕೂ ಕಿರಿದಾಗಿದ್ದರೆ ಬೈಪಾಸ್ ಶಸ್ತ್ರಚಿಕಿತ್ಸೆಯೇ ಲೇಸಾಗಬಹುದು. ಎಲ್ಲಕ್ಕಿಂತ ಮುಖ್ಯವಾದುದು ಸಮಯ. ಉರಿಯೂತ ಭುಗಿಲೆದ್ದಿರುವಾಗ ಬಲೂನ್ ಹಾಕಿದರೆ ನಾಳ ಬೇಗನೆ ಮತ್ತೆ ಕಿರಿದಾಗುವ ಸಂಭವ ಹೆಚ್ಚು. ಹಾಗಾಗಿ ಪ್ರಾಣಕ್ಕೋ ಅಂಗಕ್ಕೋ ಕುತ್ತು ಒದಗದ ಹೊರತು, ಮೊದಲು ಸ್ಟೀರಾಯ್ಡ್ ಮತ್ತಿತರ ಔಷಧಿಗಳಿಂದ ಉರಿಯೂತವನ್ನು ಶಮನಗೊಳಿಸುತ್ತಾರೆ. ವೈದ್ಯರು ತಿಂಗಳುಗಟ್ಟಲೆ ಕಾಯಿರಿ ಎಂದರೆ ಅದು ಉದಾಸೀನವಲ್ಲ.

ನಮ್ಮನ್ನು ಚಿಂತೆಗೀಡುಮಾಡುವುದು ಇದರ ನಂತರದ ಮಾತು. ನಾಳ ತೆರೆಯಿತೆಂದು ಮಾತ್ರೆ ಬಿಡುವವರುಂಟು. ಬಲೂನ್ ದಾರಿಯನ್ನು ತೆರೆಯುತ್ತದೆಯೇ ಹೊರತು ರೋಗವನ್ನು ಗುಣಪಡಿಸುವುದಿಲ್ಲ. ಬಹುಕಾಲ ಸೇವಿಸಿದ ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸುವುದಂತೂ ಪ್ರಾಣಾಪಾಯಕರ. ವಿಭೂತಿ, ಪಾದೋದಕಗಳು ಭಕ್ತಿಯ ಆಶ್ರಯವೇ ವಿನಾ ಮಾತ್ರೆಯ ಬದಲಲ್ಲವೆಂಬುದನ್ನು ಮಠವೇ ಹೇಳಬೇಕಾಗಿದೆ. ಕಾಯಕವನ್ನು ಎತ್ತಿಹಿಡಿದ ಶರಣರು ಕಾಯವನ್ನು ಹೀಗಳೆದವರಲ್ಲ. ಮದುವೆಗೆ ತೊಡಕಾದೀತೆಂದು ಮಗಳ ಕಾಯಿಲೆಯನ್ನು ಮುಚ್ಚಿಡುವುದು ಇನ್ನೂ ಕೆಟ್ಟದ್ದು. ಈ ರೋಗವಿದ್ದೂ ತಾಯಂದಿರಾದವರು ಅನೇಕರಿದ್ದಾರೆ. ಆದರೆ ಗರ್ಭಧಾರಣೆಗೆ ಮುನ್ನವೇ ರೋಗ ಶಾಂತವಾಗಿರಬೇಕು, ರಕ್ತದೊತ್ತಡ ಹತೋಟಿಯಲ್ಲಿರಬೇಕು, ಕೆಲವು ಮಾತ್ರೆಗಳನ್ನು ಬದಲಿಸಬೇಕು. ಗಂಡನ ಮನೆಯವರಿಗೆ ತಿಳಿಯದಂತೆ ಇದೆಲ್ಲ ನಡೆಯುವುದೆಂತು?

ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿರುವ ಸರ್ಕಾರಿ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಸಲಹೆ ಪಡೆಯಬಹುದು. ಬಿಪಿಎಲ್ ಕಾರ್ಡುಳ್ಳವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವಿನ ಬಗೆಗೆ ಮೊದಲೇ ವಿಚಾರಿಸುವುದು ಒಳಿತು. ಹೋಗುವಾಗ ಹಳೆಯ ರಕ್ತಪರೀಕ್ಷೆ, ಸ್ಕ್ಯಾನ್‌ಗಳ ಜೊತೆಗೆ ಯಾವ ಕೈಯಲ್ಲಿ ಒತ್ತಡ ಎಷ್ಟಿತ್ತೆಂಬ ದಾಖಲೆಯನ್ನೂ ಒಯ್ಯಿರಿ.